ಈ ಹುಂಡಿಗೆ ಶಾ ಯಾರು?

ಪಾವಗಡ ಸೀಮೆಯ ಕ್ಯಾತಗಾನಚೆರ್ಲಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಮನೆಗೆ ಬಂದಿದ್ದನು. 2018ರಲ್ಲಿ ಉದ್ಘಾಟನೆಗೊಂಡ ಸೋಲಾರ್ ಪಾರ್ಕಿಗೆಂದು ಐದು ಗ್ರಾಮಗಳ ಸುಮಾರು 13,000 ಎಕರೆ ಗುತ್ತಿಗೆಗೆ ಹೋದಾಗ ಆ ಊರಿನ ಹೊಲಗಳೂ ಅದರಲ್ಲಿ ಸೇರಿದುವು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಮೊದಲು ಗೊತ್ತಾದ ಗುತ್ತಿಗೆ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಮನೆಗಳಿಗೆ ಬ್ಯಾಂಕಿನ ಖಾತೆಯೇ ಹೊಲವಾಯಿತು.

ಹುಡುಗನು ಮೊಬೈಲನ್ನು ನನ್ನ ಮುಂದೆ ಹಿಡಿದನು. ಅಂಕಿಯೂ ಇಂಗ್ಲಿಷ್ ಅಕ್ಷರವೂ ಬೆರೆತ 42 ಗುರುತುಗಳ ಒಂದು ಸಾಲು.

“ಸಾರ್, ಇದು ಕ್ರಿಪ್ಟೋ ವಿಳಾಸವಂತೆ. ಈ ವರ್ಷದ ಗುತ್ತಿಗೆ ದುಡ್ಡು ಇದಕ್ಕೆ ಕಳಿಸಿದರೆ ಆರು ತಿಂಗಳಿಗೆ ಎರಡರಷ್ಟು ಕೊಡ್ತಾರಂತೆ. ನೀವು ಶಾಸನ ಓದೋರು. ಇದು ಯಾರದು ಅಂತ ನೋಡಿ ಹೇಳಿ.”

ನನಗೆ ನಗು ಬಂದಿತು. ಆದರೆ ಅವನು ಕೇಳಿದ ಪ್ರಶ್ನೆ ಹಳೆಯದು. ಕಣ್ಣಿಗೆ ಕಾಣದ ದೂರದವನಿಗೆ ಹಣ ಕಳುಹಿಸುವಾಗ, ಪಡೆಯುವವನು ಅವನೇ ಎಂದು ತಿಳಿಯುವುದು ಹೇಗೆ?

ಹುಂಡಿ ಎಂದರೆ ಇಂದಿನವರಿಗೆ ದೇವಸ್ಥಾನದ ಕಾಣಿಕೆಯ ಪೆಟ್ಟಿಗೆ. ನಮ್ಮ ಹಿರಿಯರ ವ್ಯಾಪಾರದಲ್ಲಿ ಅದು ಹಣದ ಪತ್ರ. ಒಂದು ಪೇಟೆಯ ಸಾಹುಕಾರನು ಇನ್ನೊಂದು ಪೇಟೆಯವನಿಗೆ ‘ಇಷ್ಟು ಹಣ ಸಲ್ಲಿಸತಕ್ಕದ್ದು’ ಎಂದು ಬರೆದ ಕಾಗದ. ಕಳ್ಳರ ಭಯದ ದಾರಿಯಲ್ಲಿ ನಾಣ್ಯದ ಚೀಲ ಹೊರುವ ಬದಲು ಜನ ಇದನ್ನು ಒಯ್ಯುತ್ತಿದ್ದರು. ಕಂಡೊಡನೆ ಹಣ ಕೊಡಬೇಕಾದುದು ದರ್ಶನಿ ಹುಂಡಿ. ಗಡುವು ಇಟ್ಟುದು ಮುದ್ದತಿ ಹುಂಡಿ.

ಈ ಕಾಗದಕ್ಕೆ ಎರಡು ಕಾವಲುಗಳಿದ್ದುವು. ಮೊದಲನೆಯದು ಬರಹದ ಕಾವಲು. ನೂರು ರೂಪಾಯಿ ಎಂದಷ್ಟೇ ಬರೆದು ಬಿಡುತ್ತಿರಲಿಲ್ಲ. ‘ನೂರು, ಇದರ ಅರ್ಧ ಐವತ್ತು, ಅದರ ಇಮ್ಮಡಿ’ ಎಂಬ ರೀತಿಯಲ್ಲಿ ಬರೆಯುತ್ತಿದ್ದರು. ಒಂದನ್ನು ತಿದ್ದಿದರೆ ಇನ್ನೊಂದು ಹಿಡಿದುಕೊಡುತ್ತಿತ್ತು. ಎರಡನೆಯದು ಮನುಷ್ಯನ ಕಾವಲು. ಹೆಸರಿಸಿದವನಿಗೇ ಸಲ್ಲುವುದು ನಾಮಜೋಗ್ ಹುಂಡಿ. ಶಾಜೋಗ್ ಹುಂಡಿಯಾದರೆ ಹಣ ಒಬ್ಬ ‘ಶಾ’ನ ಕೈಗೇ ಸೇರಬೇಕು. ಶಾ ಎಂದರೆ ಪೇಟೆಯ ನಾಲ್ಕು ಜನ ಬಲ್ಲ, ನೆಲೆಯುಳ್ಳ ವರ್ತಕ. ಹುಂಡಿ ಖೋಟಾ ಎಂದು ಮುಂದೆ ತಿಳಿದರೆ ಹಣವನ್ನು ಬಡ್ಡಿಯೊಡನೆ ಹಿಂದಿರುಗಿಸುವ ಹೊಣೆ ಅವನದು. ‘ಸಾಹುಕಾರ’ ಎಂಬ ಮಾತಿನ ಮೂಲದಲ್ಲಿರುವುದು ‘ಸಾಧು’ ಶಬ್ದವೇ. ಇಂದು ಅದಕ್ಕೆ ಸಿರಿವಂತನೆಂಬ ಅರ್ಥ ಉಳಿದಿದೆ. ಹುಂಡಿಗೆ ಬೇಕಾಗಿದ್ದುದು ನಂಬತಕ್ಕವನೆಂಬ ಅರ್ಥ.

ನಮ್ಮ ದೇಶಕ್ಕೆ 1880ರಲ್ಲಿ ಮನಿಆರ್ಡರು ಬಂದ ಮೇಲೆ ಶಾನ ಕೆಲಸ ಅಂಚೆಯವನ ಪಾಲಿಗೆ ಬಂದಿತು. ಮನೆಮನೆಯ ಮುಖವೂ ಅವನಿಗೆ ಗೊತ್ತು. ಓದುಬಾರದ ಮುದುಕಿ ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ಸಾಕ್ಷಿಯ ರುಜು ಬೇಕಾಗಿತ್ತು. ಇಂದಿನ ಬ್ಯಾಂಕುಗಳೂ ಈ ನೀತಿಯನ್ನು ಬಿಟ್ಟಿಲ್ಲ. ಯುಪಿಐಯಲ್ಲಿ ಪಡೆಯುವವನ ಹೆಸರು ಮೊದಲೇ ಕಾಣುತ್ತದೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿಯೂ ಹೆಸರು ತೋರಿಸುವ ಏರ್ಪಾಡಿಗೆ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ 1ರ ಗಡುವು ಕೊಟ್ಟಿತು.

2009ರಲ್ಲಿ ಬಿಟ್‌ಕಾಯಿನ್ನಿನೊಡನೆ ಹುಟ್ಟಿದ ವಿಳಾಸಕ್ಕಾದರೋ ಮೊದಲನೆಯ ಕಾವಲು ಮಾತ್ರ ಉಂಟು. ಅದರ ಹಳೆಯ ಬಗೆಯಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಚಿಕ್ಕ ಎಲ್ ಈ ನಾಲ್ಕನ್ನು, ಕಣ್ಣಿಗೆ ಭ್ರಮೆ ಹುಟ್ಟಿಸುತ್ತವೆಂದು ಬಿಟ್ಟಿದ್ದಾರೆ. ತಾಳೆ ನೋಡುವುದಕ್ಕೆಂದು ವಿಳಾಸದೊಳಗೇ ಒಂದು ಲೆಕ್ಕವನ್ನು ಸೇರಿಸಿದ್ದಾರೆ. ಒಂದಕ್ಷರ ತಪ್ಪಿದರೆ ಅದು ವಿಳಾಸವೇ ಅಲ್ಲವೆಂದು ಯಂತ್ರ ಹೇಳಿಬಿಡುತ್ತದೆ. ಇದು ‘ಅರ್ಧ ಐವತ್ತು, ಅದರ ಇಮ್ಮಡಿ’ ಎಂಬ ಜಾಣತನವೇ. ಬರಹ ಸರಿಯೆಂದು ಹೇಳುತ್ತದೆ. ಬರೆಯಿಸಿದವನು ಯಾರೆಂದು ಹೇಳುವುದಿಲ್ಲ. ಅಲ್ಲಿ ಶಾ ಇಲ್ಲ. ಹೋದ ಹಣವನ್ನು ಹಿಂದಕ್ಕೆ ಕರೆಯುವ ಸಾಹುಕಾರನೂ ಇಲ್ಲ.

ವಿಳಾಸದ ಚರಿತ್ರೆಯನ್ನೇನೋ ಪರೀಕ್ಷಿಸಬಹುದು. ಎಂದು ಮೊದಲು ಬಳಕೆಗೆ ಬಂದಿತು, ಎಷ್ಟು ಬಂದು ಎಷ್ಟು ಹೋಯಿತು ಎಂಬುದು ಬಹಿರಂಗವಾದ ಲೆಕ್ಕದಲ್ಲಿ ಇರುತ್ತದೆ. ಫ್ಲೀಟರು ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿದುದೂ, ಅವು ಹೇಳುವ ಕಾಲಕ್ಕೂ ಅವುಗಳ ಲಿಪಿಗೂ ಹೊಂದದಿದ್ದುದನ್ನು ಕಂಡೇ. ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಮಾತ್ರ ಓದುವವನು ಶಾಸನದಲ್ಲಿ ಮೋಸಹೋಗುವಂತೆಯೇ ಇಲ್ಲಿಯೂ ಮೋಸಹೋಗುತ್ತಾನೆ. 2024ರ ಮೇ ತಿಂಗಳಲ್ಲಿ ಇಂಥದೊಂದು ನಡೆಯಿತು. ಆದಿಯ ಕೆಲವು ಮತ್ತು ಅಂತ್ಯದ ಕೆಲವು ಅಕ್ಷರಗಳು ಮಾತ್ರ ಹೋಲುವ ಕೂಟ ವಿಳಾಸವೊಂದನ್ನು ಕಳ್ಳನು ಸೃಷ್ಟಿಸಿ, ಅದು ಇನ್ನೊಬ್ಬರ ಹಳೆಯ ಸಲ್ಲಿಕೆಗಳ ಪಟ್ಟಿಯೊಳಗೆ ನುಸುಳುವಂತೆ ಮಾಡಿದನು. ಅವರು ಪಟ್ಟಿಯಿಂದ ಅದನ್ನೇ ನಕಲು ಮಾಡಿ ಸುಮಾರು 6.8 ಕೋಟಿ ಡಾಲರ್ ಬೆಲೆಯ ನಾಣ್ಯವನ್ನು ಕಳುಹಿಸಿಬಿಟ್ಟರು. ಬಹುಪಾಲು ಹಣ ಆಮೇಲೆ ಹಿಂದಿರುಗಿತು. ಅದು ಅವರ ಪುಣ್ಯ, ಲೋಕದ ನಿಯಮವಲ್ಲ.

ಆದುದರಿಂದ ಅಕ್ಷರಗಳನ್ನು ಕಡೆಯವರೆಗೆ ತಾಳೆ ನೋಡಬೇಕು. ಹಳೆಯ ಪಟ್ಟಿಯಿಂದ ಎತ್ತಿಕೊಳ್ಳದೆ ಪಡೆಯುವವನನ್ನೇ ಕೇಳಬೇಕು. ಮೊದಲು ಅಲ್ಪ ಮೊತ್ತವನ್ನು ಕಳುಹಿಸಿ, ಮುಟ್ಟಿತೆಂದು ಅವನ ಬಾಯಿಂದಲೇ ಕೇಳಿ ಮುಂದುವರಿಯಬೇಕು. ಆದರೆ ಇದೆಲ್ಲ ಪರಿಚಿತನ ಮಾತಾಯಿತು. ಅಪರಿಚಿತನ ವಿಳಾಸವನ್ನು ಎಷ್ಟು ಸರಿಯಾಗಿ ಬರೆದರೂ ಹಣ ಸರಿಯಾಗಿ ಅಪರಿಚಿತನಿಗೇ ಮುಟ್ಟುತ್ತದೆ.

“ಇದನ್ನು ಕೊಟ್ಟವನನ್ನು ನೋಡಿದ್ದೀಯೇನಪ್ಪ?” ಎಂದು ಕೇಳಿದೆ.

“ಇಲ್ಲ ಸಾರ್, ವಾಟ್ಸಾಪಿನಲ್ಲಿ ಪರಿಚಯ.”

“ಅವನು ಕೈಕೊಟ್ಟರೆ ಹೊಣೆ ಹೊರುವವರು ನಿಮ್ಮ ಕಡೆ ಯಾರಿದ್ದಾರೆ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದನು. “ಹೊಲ ಕೊಟ್ಟ ಮೇಲೆ ಮನೆಗೆ ಬರೋದು ಇದೊಂದೇ ದುಡ್ಡು ಸಾರ್” ಎಂದನು. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಕಾಫಿ ಕುಡಿದು, ಪಾವಗಡದ ಬಸ್ಸಿಗೆ ಹೊರಟನು.