ಎರಡು ರಾಜ್ಯ, ಒಂದು ತಕ್ಕಡಿ

ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಒಂದು ಲೆಕ್ಕದ ಪುಸ್ತಕವಿದೆ. ಬ್ಯಾಂಕಿನಲ್ಲಿ ದಿನವಿಡೀ ಅಂಕೆ ನೋಡುವವನಿಗೆ ಮನೆಯಲ್ಲಿಯೂ ಅದೇ ಗೀಳು. ಕಳೆದ ಮಳೆಗಾಲದಲ್ಲಿ ಅದನ್ನು ಬಿಡಿಸಿಕೊಂಡು ಕುಳಿತೆ. 1970ರ ಬಳಿಕದ ಪುಟಗಳಲ್ಲಿ ‘ಜಮೆ’ಗಿಂತ ‘ಮುಂಗಡ’ ಎಂಬ ಶಬ್ದವೇ ಹೆಚ್ಚು. ಅಡಿಕೆ ಅಂಗಳದಲ್ಲಿ ಒಣಗುವ ಮೊದಲೇ ಅದರ ಹಣ ಖರ್ಚಾಗಿರುತ್ತಿತ್ತು. ಕ್ರಯ ಹೇಳುವವನು ವ್ಯಾಪಾರಿ, ತೂಗುವವನೂ ಅವನೇ, ಇದು ಪಟೋರ, ಇದು ಕೋಕ ಎಂದು ವಿಂಗಡಿಸುವವನೂ ಅವನೇ.

ಆ ವರ್ಷಗಳಲ್ಲಿ ಧಾರಣೆ ಕುಸಿದಾಗ ಗಡಿಯ ಎರಡು ಕಡೆಗೂ ಕಷ್ಟ ಒಂದೇ ಆಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ನಿಜ. ಆದರೆ ನಮ್ಮ ಅಡಿಕೆಯ ಪೇಟೆ ಮಂಗಳೂರಿನಲ್ಲೇ ಉಳಿಯಿತು. ಒಂದೇ ರಾಜ್ಯದ ಸಹಕಾರಿ ಸಂಘ ಕಟ್ಟಿದ್ದರೆ ನಾವು ಹೊರಗಿನವರಾಗುತ್ತಿದ್ದೆವು. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಂಸ್ಥೆಯಾಗಿ. ಎರಡು ಸರಕಾರಗಳೂ ಅದಕ್ಕೆ ಕೈಗೂಡಿಸಿದವು. ಗಡಿಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ನಮ್ಮ ಚರಿತ್ರೆ ಬರೆಯುವವರು ಚಳವಳಿಗಳಿಗೆ ಕೊಟ್ಟಷ್ಟು ಪುಟಗಳನ್ನು ಇದಕ್ಕೆ ಕೊಟ್ಟಿಲ್ಲ ಎಂಬುದು ನನ್ನ ಆಕ್ಷೇಪ.

ಅಜ್ಜ ಮಾತ್ರ ಕೂಡಲೇ ಪಾಲುಹಣ ಕಟ್ಟಿದವರಲ್ಲ. ಮುಂಗಡದ ಋಣವಿರುವಾಗ ಅಡಿಕೆಯನ್ನು ಬೇರೆಡೆಗೆ ಕೊಡುವುದು ಹೇಗೆಂಬ ಅಂಜಿಕೆ. ಪುಸ್ತಕದಲ್ಲಿ ಕ್ಯಾಂಪ್ಕೊ ಹೆಸರು ಬರುವುದು 1976ರಲ್ಲಿ, ಬರೇ ಎರಡು ಗೋಣಿಗೆ. ಉಳಿದದ್ದೆಲ್ಲ ಹಳೆಯ ವ್ಯಾಪಾರಿಗೇ. ಮರುವರ್ಷ ಆರು ಗೋಣಿ. ಆಮೇಲೆ ‘ಮುಂಗಡ’ ಅಪರೂಪವಾಗುತ್ತ ಹೋಗುತ್ತದೆ.

ಅಷ್ಟರಲ್ಲಿ ತೋಟದ ನಡುವೆ ಕೊಕ್ಕೋ ಬಂದಿತ್ತು. ಅಡಿಕೆಯ ನೆರಳಲ್ಲೇ ಬೆಳೆಯುವ ಗಿಡ, ಬೇರೆ ಜಾಗ ಬೇಡ. ಆದರೆ ಅಡಿಕೆಯನ್ನು ಅಟ್ಟಕ್ಕೇರಿಸಿ ವರ್ಷ ಕಾಯಬಹುದು, ಕೊಕ್ಕೋದ ಹಸಿಬೀಜ ಕಾಯುವುದಿಲ್ಲ. 1980ರ ಸುಮಾರಿಗೆ ಲೋಕದ ಪೇಟೆಯಲ್ಲಿ ಬೆಲೆ ಇಳಿದು, ಕೊಳ್ಳುತ್ತಿದ್ದ ಕಂಪೆನಿ ಹಿಂದೆ ಸರಿದಾಗ ಬೆಳೆಗಾರನಿಗೆ ದಾರಿಯೇ ಇರಲಿಲ್ಲ. ನನ್ನ ಅಪ್ಪ ಸಿಟ್ಟಿನಲ್ಲಿ ಅರ್ಧದಷ್ಟು ಗಿಡ ಕಡಿಸಿಹಾಕಿದರು.

ಎರಡು ಸರಕಾರಗಳ ಕೋರಿಕೆಯಂತೆ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೂ ಇಳಿಯಿತು. ಅಡಿಕೆ ಮಾತ್ರ ಗೊತ್ತಿದ್ದವರು ಹಸಿಬೀಜ ಕೊಂಡು, ಹುಳಿ ಬರಿಸಿ, ಒಣಗಿಸಿ ಮಾರುವುದನ್ನು ಕಲಿತರು. ಬೀಜ ಮಾರುವುದಷ್ಟೇ ಸಾಲದೆಂದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರಲ್ಲಿ ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್. ನನಗಾಗ ಏಳು ವರ್ಷ. ನಮ್ಮ ತೋಟದ ಕಹಿಬೀಜವೇ ಈ ಸಿಹಿತುಂಡು ಎಂದರೆ ನಾನು ನಂಬಿರಲಿಲ್ಲ.

ಸಾಲಕ್ಕೆಂದು ಬರುವ ಹುಡುಗರನ್ನು ಇಂದು ಕೌಂಟರಿನಲ್ಲಿ ನೋಡುತ್ತೇನೆ. ಒಣಗಿಸುವ ಯಂತ್ರಕ್ಕೆ ದುಡ್ಡು ಕೇಳುತ್ತಾರೆ. ಮಾಲು ಕೊಳ್ಳುವವರು ಯಾರೆಂದರೆ ಸುಮ್ಮನಾಗುತ್ತಾರೆ. ನೆರೆಮನೆಯವನೂ ಅದೇ ಯಂತ್ರಕ್ಕೆ ಹಿಂದಿನ ವಾರವಷ್ಟೇ ಅರ್ಜಿ ಹಾಕಿರುತ್ತಾನೆ!

ಅಜ್ಜನ ಪುಸ್ತಕದ ಕೊನೆಯ ಪುಟಗಳು ಅಪ್ಪನ ಅಕ್ಷರದಲ್ಲಿವೆ. ಒಂದು ಕಡೆ ‘ಕೊಕ್ಕೋ ಕಡಿದ ಕೂಲಿ’ ಎಂದು ಖರ್ಚು ಬರೆದಿದ್ದಾರೆ. ಏಳು ಪುಟ ಮಗುಚಿದರೆ, 1987ರ ಮಳೆಗಾಲದಲ್ಲಿ, ‘ಕೊಕ್ಕೋ ಸಸಿ, ನಲವತ್ತು’.