ಎರಿಥೀಮ (ಚರ್ಮರಕ್ತಿಮೆ): ಇತಿಹಾಸ

ಚರ್ಮದೊಳಗಿನ ಲೋಮನಾಳಗಳು ಹಿಗ್ಗಿ, ಅವುಗಳಲ್ಲಿ ರಕ್ತವು ವಾಡಿಕೆಗಿಂತ ಅಧಿಕವಾಗಿ ತುಂಬಿಕೊಂಡಾಗ ಮೈಮೇಲೆ ತೋರುವ ಅಸಹಜವಾದ ಕೆಂಪಿಗೆ ವೈದ್ಯಶಾಸ್ತ್ರದಲ್ಲಿ ಎರಿಥೀಮವೆಂದು ಹೆಸರು. ಗಾಜಿನ ಬಿಲ್ಲೆಯನ್ನು ಒತ್ತಿ ಹಿಡಿದರೆ ಈ ಕೆಂಪು ಮಾಸಿ, ಕೈತೆಗೆದೊಡನೆ ಮರಳುತ್ತದೆ. ನಾಳದಿಂದ ರಕ್ತವು ಹೊರಕ್ಕೆ ಸೋರಿ ಉಂಟಾದ ಪರ್ಪ್ಯೂರದ ಕಲೆಯಾದರೋ ಎಷ್ಟು ಒತ್ತಿದರೂ ಮಾಸದು. ಬಿಸಿಲು, ಸೋಂಕು, ಔಷಧ, ಒಗ್ಗದ ಆಹಾರ, ಕ್ಷಕಿರಣ ಇವುಗಳಲ್ಲಿ ಯಾವುದರಿಂದಲಾದರೂ ಬರಬಹುದಾದ ಇದು ವಸ್ತುತಃ ಒಂದು ಲಕ್ಷಣವೇ ಹೊರತು ರೋಗವಲ್ಲ. ಆದರೆ ಕಾರಣಗಳು ತಿಳಿಯದಿದ್ದ ಕಾಲದಲ್ಲಿ ಕಣ್ಣಿಗೆ ಕಂಡದ್ದನ್ನೇ ಹಿಡಿದು ವೈದ್ಯರು ಹತ್ತಾರು ರೋಗಗಳಿಗೆ ಈ ಹೆಸರನ್ನು ಕೊಟ್ಟರು. ಕಾರಣಗಳು ತಿಳಿದ ಮೇಲೆಯೂ ಆ ಹೆಸರುಗಳು ಅಳಿಯಲಿಲ್ಲವಾಗಿ ಗ್ರಂಥಗಳಲ್ಲಿ ಗೊಂದಲಗಳು ಉಳಿದುಕೊಂಡಿವೆ.

ಪ್ರಾಚೀನ ಕಾಲದ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪವೇ. ಹಿಪಾಕ್ರಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಎರಿಥೀಮ ಎಂಬ ಪದವು ಬಳಕೆಯಾಗಿದೆ. ಕ್ರಿಸ್ತಪೂರ್ವ 430ರ ಅಥೆನ್ಸಿನ ಮಹಾಮಾರಿಯನ್ನು ವರ್ಣಿಸುವ ಇತಿಹಾಸಕಾರ ಥ್ಯುಸಿಡಿಡೀಸನು ರೋಗಿಗಳ ಕಣ್ಣು ಕೆಂಪಾದುದನ್ನು ಇದೇ ಶಬ್ದದಿಂದ ಸೂಚಿಸಿದ್ದಾನೆ. ಕೆಂಪು, ಬಾವು, ಕಾವು, ನೋವು ಎಂಬ ನಾಲ್ಕನ್ನು ಉರಿಯೂತದ ಲಕ್ಷಣಗಳೆಂದು ಎಣಿಸಿದವನು ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್. ಅಂಗದ ಕಾರ್ಯಭಂಗವೆಂಬ ಐದನೆಯದನ್ನು ಗೇಲನ್ ಸೇರಿಸಿದನೆಂದು ಪಠ್ಯಪುಸ್ತಕಗಳು ಒಂದನ್ನೊಂದು ನೋಡಿ ಬರೆಯುತ್ತ ಬಂದಿದ್ದುವು, 1971ರಲ್ಲಿ ಎಲ್. ಜೆ. ರಾದರ್ ಮೂಲಗಳನ್ನು ಶೋಧಿಸಿ ಈ ಹೇಳಿಕೆಗೆ ಆಧಾರವಿಲ್ಲವೆಂದು ತೋರಿಸಿದ ಮೇಲೂ ಅದು ಅನೇಕ ಪುಸ್ತಕಗಳಲ್ಲಿ ನಿರಾತಂಕವಾಗಿ ಮುಂದುವರಿದಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಏಳು ಬಗೆಯೆಂದು ಎಣಿಸಲಾಗಿರುವ, ಮೈಮೇಲೆ ಹರಡುವ ವಿಸರ್ಪರೋಗವನ್ನು ಪಾಶ್ಚಾತ್ಯರ ಎರಿಸಿಪೆಲಸ್ ಎಂಬ ಚರ್ಮದ ಸೋಂಕಿನೊಡನೆ ಸಮೀಕರಿಸುವುದು ವಾಡಿಕೆಯಾದರೂ, ಅಗ್ನಿ, ಕರ್ದಮ, ಗ್ರಂಥಿ ಮೊದಲಾದ ಅದರ ಭೇದಗಳು ಒಂದೇ ಆಧುನಿಕ ರೋಗದೊಳಗೆ ಅಡಗತಕ್ಕವಲ್ಲ.

ನಿಶ್ಚಿತ ವರ್ಗೀಕರಣಕ್ಕೆ ಭದ್ರವಾದ ತಳಹದಿ ದೊರೆತದ್ದು ಲಂಡನ್ನಿನ ವೈದ್ಯ ರಾಬರ್ಟ್ ವಿಲನ್‌ನಿಂದ. 1798ರಿಂದ ಭಾಗಭಾಗವಾಗಿ ಹೊರಬಂದು 1808ರಲ್ಲಿ ಗ್ರಂಥರೂಪ ತಾಳಿದ ಆತನ ಕೃತಿಯು, ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಮೂಲರೂಪಗಳಿಗೆ ಅನುಸಾರವಾಗಿ ಎಂಟು ವರ್ಗಗಳಾಗಿ ವಿಂಗಡಿಸಿ, ದಡಾರ, ಸ್ಕಾರ್ಲೆಟ್ ಜ್ವರ, ಪಿತ್ತಗಂಧೆಗಳೊಡನೆ ಎರಿಥೀಮವನ್ನು ಒಂದು ವರ್ಗದಲ್ಲಿಯೂ, ಎರಿಸಿಪೆಲಸನ್ನು ಬೊಕ್ಕೆಗಳ ವರ್ಗದಲ್ಲಿಯೂ ಇರಿಸಿತು. ಎರಿಥೀಮದ ಆರು ಪ್ರಭೇದಗಳಲ್ಲಿ ಮೊಣಕಾಲ ಕೆಳಗಿನ ಮುಂಭಾಗದಲ್ಲಿ ನೋವಿನ ಗಂಟುಗಳಾಗಿ ತೋರುವ ಎರಿಥೀಮ ನೋಡೋಸಮ್ ಇಂದಿಗೂ ಅದೇ ಹೆಸರಿನಿಂದ ನಡೆಯುತ್ತಿದೆ. ವಿಲನ್ 1812ರಲ್ಲಿ ತೀರಿಕೊಂಡ ತರುವಾಯ ಶಿಷ್ಯ ಥಾಮಸ್ ಬೇಟ್‌ಮನ್ 1813ರಲ್ಲಿ ಪ್ರಕಟಿಸಿದ ಸಂಗ್ರಹದ ಮೂಲಕವೇ ಈ ಪದ್ಧತಿಯು ಯೂರೋಪಿನಲ್ಲಿ ಹರಡಿತು.

ಹೆಚ್ಚಿನ ತೊಡಕು ಇರುವುದು ಎರಿಥೀಮ ಮಲ್ಟಿಫಾರ್ಮೆಯ ಚರಿತ್ರೆಯಲ್ಲಿ. ಕೈಕಾಲುಗಳಲ್ಲಿ ಒಂದರೊಳಗೊಂದು ವರ್ತುಲಗಳಿರುವ ಗುರಿಹಲಗೆಯಾಕಾರದ ಕೆಂಪು ಮಚ್ಚೆಗಳೆದ್ದು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿದು, ಕೆಲವರಲ್ಲಿ ಮತ್ತೆ ಮತ್ತೆ ಮರುಕಳಿಸುವ ಈ ವ್ಯಾಧಿಯನ್ನು ವಿಯೆನ್ನಾದ ಫರ್ಡಿನೆಂಡ್ ಹೆಬ್ರಾ ವರ್ಣಿಸಿದುದು 1866ರಲ್ಲಿ ಎಂದು ಬಹುತೇಕ ಪುಸ್ತಕಗಳಲ್ಲಿದೆ. ಅದು ಹೆಬ್ರಾನ ಗ್ರಂಥದ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಪ್ರಕಟವಾದ ವರ್ಷ. ಜರ್ಮನ್ ಮೂಲವು 1860ರಷ್ಟು ಹಿಂದೆಯೇ ಹೊರಬಂದಿತ್ತು. ಅನುವಾದವನ್ನು ಮಾತ್ರ ಓದಿದವರು ಆ ವರ್ಷವನ್ನೇ ಮೂಲವೆಂದು ಬಗೆದುದರಿಂದ ಈ ಪ್ರಮಾದವು ನೆಲೆಗೊಂಡಿತೆನ್ನಲಡ್ಡಿಯಿಲ್ಲ. ವರ್ಷದ ಪ್ರಮಾದದಿಂದ ಯಾರಿಗೂ ಹಾನಿಯಾಗಿಲ್ಲ. ಮುಂದೆ ಸಂಭವಿಸಿದ ರೋಗಗಳ ಸಂಮಿಶ್ರಣದ ಮಾತು ಹಾಗಲ್ಲ.

1922ರಲ್ಲಿ ನ್ಯೂಯಾರ್ಕಿನ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ವೈದ್ಯರು, ತೀವ್ರ ಜ್ವರ, ಬಾಯಿಹುಣ್ಣು, ಕಣ್ಣಿನ ಉರಿಯೂತಗಳೊಡನೆ ಮೈತುಂಬ ದದ್ದುಗಳೆದ್ದ ಇಬ್ಬರು ಬಾಲಕರನ್ನು ವರದಿಮಾಡಿ, ಇದೊಂದು ಹೊಸ ಜ್ವರವೆಂದು ಪರಿಗಣಿಸಿದರು. 1950ರಲ್ಲಿ ಬಿ. ಎ. ಥಾಮಸ್ ಇದನ್ನು ಹೆಬ್ರಾನ ವ್ಯಾಧಿಯೊಡನೆ ಜೋಡಿಸಿ, ಸೌಮ್ಯವಾದುದು ಎರಿಥೀಮ ಮಲ್ಟಿಫಾರ್ಮೆಯ ಕಿರಿಯ ರೂಪ, ಉಗ್ರವಾದುದು ಅದರ ಹಿರಿಯ ರೂಪವೆಂದು ವ್ಯವಸ್ಥೆ ಮಾಡಿದ ಮೇಲೆ, ನಾಲ್ಕು ದಶಕಗಳ ಕಾಲ ವೈದ್ಯವಿದ್ಯಾರ್ಥಿಗಳು ಇವೆರಡನ್ನೂ ಒಂದೇ ರೋಗದ ಎರಡು ಮೆಟ್ಟಿಲುಗಳೆಂದು ಕಲಿತರು. ಈ ಏಕೀಕರಣವು ನೋಡಲು ಅಚ್ಚುಕಟ್ಟಾಗಿದ್ದುದೇ ಅದರ ದೀರ್ಘಾಯುಷ್ಯಕ್ಕೆ ಕಾರಣವಾಗಿದ್ದಿರಬೇಕು. 1956ರಲ್ಲಿ ಅಲನ್ ಲಯಲ್ ವರ್ಣಿಸಿದ, ಚರ್ಮವು ಸುಟ್ಟಂತೆ ಸುಲಿದು ಬರುವ ಭಯಂಕರ ವ್ಯಾಧಿಯೂ ಈ ಸಾಲಿಗೆ ಬಂದು ಸೇರಿತು. 1993ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು ಮಚ್ಚೆಗಳ ಆಕಾರ, ಹಂಚಿಕೆ ಮತ್ತು ಚರ್ಮ ಸುಲಿದ ವಿಸ್ತೀರ್ಣಗಳನ್ನು ಪರಿಶೀಲಿಸಿ, ಹೆಬ್ರಾನ ವ್ಯಾಧಿಯನ್ನು ಒಂದು ಕಡೆಗೂ, ಸ್ಟೀವನ್ಸ್–ಜಾನ್ಸನ್ ಮತ್ತು ಲಯಲ್ ವ್ಯಾಧಿಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಿತು. ಮೊದಲನೆಯದಕ್ಕೆ ಬಹುಪಾಲು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಕಾರಣ. ಎರಡನೆಯವಕ್ಕೆ ಬಹುಪಾಲು ಔಷಧಗಳು. ಈ ವಿಭಜನೆ ಪಂಡಿತರ ವಿವಾದ ಮಾತ್ರವಾಗಿರಲಿಲ್ಲ: ಔಷಧವನ್ನು ತತ್‌ಕ್ಷಣ ನಿಲ್ಲಿಸಬೇಕೋ ಬೇಡವೋ ಎಂಬ ನಿರ್ಣಯವು ಇದರ ಮೇಲೆ ನಿಂತಿತ್ತು. ಅಪಸ್ಮಾರಕ್ಕೆ ಕೊಡುವ ಕಾರ್ಬಮಝೆಪೀನ್ ಮಾತ್ರೆಯಿಂದ ಸ್ಟೀವನ್ಸ್–ಜಾನ್ಸನ್ ವ್ಯಾಧಿಗೆ ಗುರಿಯಾದ ಹಾನ್ ಚೀನೀಯರಲ್ಲಿ ಎಚ್‌ಎಲ್‌ಎ-ಬಿ 15:02 ಎಂಬ ಆನುವಂಶಿಕ ಗುರುತಿರುವುದನ್ನು 2004ರಲ್ಲಿ ತೈವಾನಿನ ಸಂಶೋಧಕರು ಕಂಡುಹಿಡಿದರು.

ಮಕ್ಕಳ ದದ್ದುಜ್ವರಗಳಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿಯಲ್ಲಿಯೂ ಇಂಥದೇ ಒಂದು ವಿಚಿತ್ರವುಂಟು. ದಡಾರ, ಸ್ಕಾರ್ಲೆಟ್ ಜ್ವರ, ರುಬೆಲ್ಲಾಗಳ ತರುವಾಯ ನಾಲ್ಕನೆಯದೊಂದು ಇದೆಯೆಂದು 1900ರಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಯ ವೈದ್ಯ ಕ್ಲೆಮೆಂಟ್ ಡ್ಯೂಕ್ಸ್ ಸಾಧಿಸಲು ಹೊರಟನು. ಅದು ಪ್ರತ್ಯೇಕ ರೋಗವೇ ಅಲ್ಲವೆಂದು ಅನಂತರದವರು ಬಹುಮಟ್ಟಿಗೆ ಕೈಬಿಟ್ಟರು. ನಾಲ್ಕನೆಯದು ಹೀಗೆ ಲುಪ್ತವಾದರೂ ಐದನೆಯದು ತನ್ನ ಸಂಖ್ಯೆಯೊಡನೆ ಉಳಿಯಿತು. ಮಗುವಿನ ಎರಡು ಕೆನ್ನೆಗಳೂ ಪೆಟ್ಟು ತಿಂದಂತೆ ಕೆಂಪಾಗುವ ಈ ರೋಗವನ್ನು 1889ರಲ್ಲಿ ಗ್ರಾಟ್ಸ್ ನಗರದ ಚಾಮರ್ ರುಬೆಲ್ಲಾದ ಒಂದು ಭೇದವೆಂದು ತಿಳಿದಿದ್ದನು. 1899ರಲ್ಲಿ ಸ್ಟಿಕರ್ ಎಂಬಾತ ಎರಿಥೀಮ ಇನ್ಫೆಕ್ಷಿಯೋಸಮ್ ಎಂಬ ಹೆಸರನ್ನಿತ್ತನು. ಕಾರಣವಾದ ವೈರಸ್ಸು ದೊರೆತದ್ದು ಆಕಸ್ಮಿಕವಾಗಿ: 1975ರಲ್ಲಿ ಲಂಡನ್ನಿನಲ್ಲಿ ಇವೊನ್ ಕೊಸಾರ್ಟ್ ಮತ್ತು ಸಂಗಡಿಗರು ಹೆಪಟೈಟಿಸ್-ಬಿ ಪರೀಕ್ಷೆ ನಡೆಸುತ್ತಿದ್ದಾಗ, ಬಿ ಎಂಬ ತಟ್ಟೆಯ 19ನೆಯ ಮಾದರಿಯಲ್ಲಿ ಅದು ಕಾಣಿಸಿಕೊಂಡಿತು, ಪಾರ್ವೊವೈರಸ್ ಬಿ19 ಎಂಬ ಹೆಸರಿನ ಮೂಲ ಇದು. ಕೆನ್ನೆಯ ಕೆಂಪಿಗೂ ಅದಕ್ಕೂ ಇರುವ ಸಂಬಂಧವು 1983ರಲ್ಲಿ ಇಂಗ್ಲೆಂಡಿನಲ್ಲಿ ಗೋಚರವಾಯಿತು. ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದ ಮೇಲೆಯೇ ಕೆಂಪು ಏಳುವುದರಿಂದ, ಕೆನ್ನೆ ಕೆಂಪಾದ ಮಗುವನ್ನು ಶಾಲೆಯಿಂದ ದೂರವಿಡುವ ಹೊತ್ತಿಗೆ ಸೋಂಕು ಹರಡುವ ಕಾಲವು ಬಹುತೇಕ ಮುಗಿದಿರುತ್ತದೆ.

ಚರ್ಮವು ಕೆಂಪಾಗುವ ಪ್ರಕ್ರಿಯೆಯನ್ನು ಪ್ರಯೋಗಮುಖದಿಂದ ವಿವರಿಸಿದವರಲ್ಲಿ ಅಗ್ರಗಣ್ಯನಾದವನು ಲಂಡನ್ನಿನ ಥಾಮಸ್ ಲೂಯಿಸ್. ಚರ್ಮದ ಮೇಲೆ ಗೆರೆ ಎಳೆದಾಗ ಕ್ರಮವಾಗಿ ತೋರುವ ಕೆಂಪು ಗೀರು, ಸುತ್ತಲಿನ ಕೆಂಪು, ಉಬ್ಬು ಎಂಬ ತ್ರಿವಿಧ ಪ್ರತಿಕ್ರಿಯೆಯನ್ನು ಆತನು 1927ರ ಗ್ರಂಥದಲ್ಲಿ ನಿರೂಪಿಸಿದನು.

ಕನ್ನಡದಲ್ಲಿ ಅಷ್ಟಾಗಿ ಬರೆಯಲ್ಪಡದ ಪ್ರಕರಣವೊಂದು ಇದೇ ಕಾಲಕ್ಕೆ ಸೇರಿದೆ: ಚರ್ಮದ ಕೆಂಪು ಅಳತೆಗೋಲಾದ ಪ್ರಸಂಗ. 1895ರಲ್ಲಿ ರಾಂಟ್‌ಜನ್ ಕ್ಷಕಿರಣಗಳನ್ನು ಕಂಡುಹಿಡಿದ ಮರುವರ್ಷವೇ ಅವುಗಳಿಂದ ಚರ್ಮವು ಬೇಯುತ್ತದೆಂಬ ವರದಿಗಳು ಬರತೊಡಗಿದುವು. ಕಿರಣದ ಪ್ರಮಾಣವನ್ನು ಅಳೆಯಲು ಸರ್ವಸಮ್ಮತವಾದ ಏಕಮಾನವಿಲ್ಲದಿದ್ದ ಆ ದಿನಗಳಲ್ಲಿ, ಚರ್ಮವನ್ನು ಕೆಂಪಾಗಿಸಲು ಸಾಕಾಗುವಷ್ಟು ಕಿರಣವೇ ಒಂದು ಮಾತ್ರೆಯೆಂದು ಬಳಕೆಗೆ ಬಂದು, 1920ರಲ್ಲಿ ಜರ್ಮನಿಯ ಸೈಟ್ಸ್ ಮತ್ತು ವಿಂಟ್ಸ್ ಅದನ್ನು ಚರ್ಮ-ಎರಿಥೀಮ ಪ್ರಮಾಣವೆಂಬುದಾಗಿ ವ್ಯಾಖ್ಯಾನಿಸಿದರು. ಕಿರಣದ ಶಕ್ತಿ, ಕೊಡುವ ವೇಗ, ಚರ್ಮದ ಭಾಗ, ನೋಡುವವನ ಕಣ್ಣು ಇವಿಷ್ಟಕ್ಕೂ ಅನುಸಾರವಾಗಿ ವ್ಯತ್ಯಾಸವಾಗುವ ಈ ಮಾನವು ಭೌತವಿಜ್ಞಾನಿಗಳಿಗೆ ಹಿಡಿಸಲಿಲ್ಲ. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಂಟ್‌ಜನ್ ಎಂಬ ಭೌತಿಕ ಏಕಮಾನವು ಅಂಗೀಕೃತವಾಯಿತು.

ಆದಾಗ್ಯೂ ಹಳೆಯ ಮಾನವು ಸುರಕ್ಷತೆಯ ನಿಯಮಗಳೊಳಗೆ ಅವಿತುಕೊಂಡು ಉಳಿಯಿತು. ಆರ್ಥರ್ ಮುಚೆಲ್ಲರ್ 1925ರಲ್ಲಿ ಪ್ರಕಟಿಸಿದ ಸೂಚನೆಯಂತೆ, ಕ್ಷಕಿರಣದ ಕೆಲಸಗಾರನಿಗೆ ತಿಂಗಳೊಂದಕ್ಕೆ ಎರಿಥೀಮ ಪ್ರಮಾಣದ ನೂರರಲ್ಲೊಂದು ಪಾಲಿಗಿಂತ ಹೆಚ್ಚು ತಾಗಬಾರದು. ಒಂದು ಎರಿಥೀಮ ಪ್ರಮಾಣವು ಸುಮಾರು 600 ರಾಂಟ್‌ಜನ್ನಿಗೆ ಸಮವೆಂದಿಟ್ಟುಕೊಂಡರೆ ಅದರ ನೂರರಲ್ಲೊಂದು 6 ರಾಂಟ್‌ಜನ್. ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ 0.2. ಕ್ಷಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಸಮಿತಿಯು 1934ರಲ್ಲಿ ವಿಧಿಸಿದ ಮಿತಿಯೂ ದಿನಕ್ಕೆ 0.2 ರಾಂಟ್‌ಜನ್ನೇ. ಚರ್ಮ ಕೆಂಪಾಗದಿದ್ದರೆ ಅಪಾಯವಿಲ್ಲವೆಂಬ ಅಂದಿನ ನಂಬಿಕೆಯು, ಅರ್ಬುದ ಮತ್ತು ಆನುವಂಶಿಕ ಹಾನಿಗಳ ತಿಳಿವು ಬೆಳೆದಂತೆಲ್ಲ ಸಡಿಲವಾಗಿ, ಮಿತಿಗಳು ಕೆಳಕ್ಕಿಳಿದುವು. ಕ್ಷಕಿರಣದ ನೋಟದಲ್ಲಿ ಹೃದಯದ ರಕ್ತನಾಳಗಳನ್ನು ತೆರೆಯುವ ದೀರ್ಘ ಚಿಕಿತ್ಸೆಗಳು ಬಂದ ಮೇಲೆ ರೋಗಿಗಳ ಬೆನ್ನಿನ ಮೇಲೆ ಕಿರಣದ ಕೆಂಪು ಪುನಃ ಕಾಣಿಸಿಕೊಂಡು, 1994ರಲ್ಲಿ ಅಮೆರಿಕದ ಔಷಧಾಡಳಿತವು ವೈದ್ಯರನ್ನು ಎಚ್ಚರಿಸಿತು. ತಾತ್ಕಾಲಿಕ ಕೆಂಪಿಗೆ ಸುಮಾರು 2 ಗ್ರೇ (ಹೀರಲ್ಪಟ್ಟ ಕಿರಣದ ಇಂದಿನ ಏಕಮಾನ) ಪ್ರಮಾಣ ಸಾಕು. ಇನ್ನು ಬಿಸಿಲಿನ ಕೆಂಪಿನ ವಿಷಯಕ್ಕೆ ಬಂದರೆ, ಅದಕ್ಕೆ ಶಾಖವಲ್ಲ, ನೇರಳಾತೀತ ಕಿರಣಗಳು ಕಾರಣವೆಂಬುದನ್ನು ಸ್ವೀಡನ್ನಿನ ವಿಡ್‌ಮಾರ್ಕ್ 1889ರಲ್ಲಿಯೇ ತೋರಿಸಿದ್ದನು. ಯಾವ ತರಂಗಾಂತರದ ಕಿರಣವು ಚರ್ಮವನ್ನು ಎಷ್ಟು ಕೆಂಪಾಗಿಸುತ್ತದೆಂದು ತೋರಿಸುವ, 1987ರಲ್ಲಿ ಅಂಗೀಕೃತವಾದ ಎರಿಥೀಮದ ಕ್ರಿಯಾವರ್ಣಪಟಲವು ಇಂದು ಹವಾವರದಿಗಳಲ್ಲಿ ಬರುವ ಯುವಿ ಸೂಚ್ಯಂಕಕ್ಕೆ ಆಧಾರ.

ಈ ಅಳತೆಗಳೆಲ್ಲವೂ ಬಿಳಿಯ ಚರ್ಮದ ಮೇಲೆ ನಿರ್ಮಿತವಾದುವು. ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಬಾಸ್ಟನ್ನಿನಲ್ಲಿ ರೂಪಿಸಿದ ಚರ್ಮಶ್ರೇಣಿಯು, ಬಿಸಿಲಿಗೆ ಮೈ ಕೆಂಪಾಗುವುದೋ ಕಂದುವುದೋ ಎಂಬ ಪ್ರಶ್ನೆಯ ಮೇಲೆ ಬಿಳಿಯರನ್ನೇ ವಿಂಗಡಿಸಿತ್ತು. ಕಂದು ಮತ್ತು ಕಪ್ಪು ಚರ್ಮದ ಐದು, ಆರನೆಯ ಶ್ರೇಣಿಗಳು ಅನಂತರದ ಸೇರ್ಪಡೆ. ರಕ್ತನಾಳಗಳ ಮೇಲಿರುವ ಮೆಲನಿನ್ ತೆರೆಯ ಹಿಂದೆ ಮರೆಯಾಗುವ ಕೆಂಪು, ಶ್ಯಾಮಲ ವರ್ಣದವರಲ್ಲಿ ನೇರಳೆಯಾಗಿಯೋ ಬೂದುಮಿಶ್ರಿತ ಕಂದಾಗಿಯೋ ತೋರುತ್ತದೆ. ಕೆಲವೊಮ್ಮೆ ತೋರುವುದೇ ಇಲ್ಲ. ಕೆಂಪಿನ ಪ್ರಮಾಣಕ್ಕೆ ಅಂಕ ಕೊಟ್ಟು ಇಸುಬಿನ ತೀವ್ರತೆಯನ್ನು ನಿರ್ಣಯಿಸುವ ಪದ್ಧತಿಯಿಂದ ಕಪ್ಪು ಮಕ್ಕಳ ತೀವ್ರ ರೋಗವು ಲೆಕ್ಕಕ್ಕೆ ಬಾರದೆ ಹೋಗಬಹುದೆಂದು 2002ರಲ್ಲಿ ಲಂಡನ್ನಿನ ಅಧ್ಯಯನವೊಂದು ತೋರಿಸಿತು. 2020ರಲ್ಲಿ ಅದೇ ನಗರದ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ, ಇಬ್ಬರು ಅಧ್ಯಾಪಕರೊಡನೆ ಕೂಡಿ, ಕಪ್ಪು ಮತ್ತು ಕಂದು ಚರ್ಮದ ಮೇಲಿನ ರೋಗಲಕ್ಷಣಗಳ ಕೈಪಿಡಿಯನ್ನು ಹೊರತಂದನು.

ಕಂದು ಚರ್ಮದಲ್ಲಿ ಕೆಂಪು ಮರೆಯಾಗುವುದು ಭಾರತದ ಕುಷ್ಠರೋಗ ವೈದ್ಯರಿಗೆ ಹೊಸ ಮಾತಲ್ಲ. ಕುಷ್ಠದಲ್ಲಿ ಜ್ವರದೊಡನೆ ಏಳುವ, 1912ರಲ್ಲಿ ಜಪಾನಿನ ಮುರಾಟಾ ವರ್ಣಿಸಿದ ಎರಿಥೀಮ ನೋಡೋಸಮ್ ಲೆಪ್ರೋಸಮ್ ಎಂಬ ಗಂಟುಗಳನ್ನು ಕಂದು ಚರ್ಮದಲ್ಲಿ ಕಣ್ಣಿಗಿಂತ ಬೆರಳುಗಳಿಂದ ಗುರುತಿಸುವುದು ಸುಲಭ. ಹಿಮೋಗ್ಲೋಬಿನ್ ಹೀರುವ ಹಸಿರು ಬೆಳಕನ್ನು ಅಳೆದು ಕೆಂಪನ್ನು ಸಂಖ್ಯೆಯಾಗಿ ಕೊಡುವ ಯಂತ್ರಗಳು ಈಗ ಬಂದಿವೆಯಾದರೂ, ಅದೇ ಹಸಿರನ್ನು ಮೆಲನಿನ್ ಕೂಡ ಹೀರುವುದರಿಂದ, ಅದರ ಪಾಲನ್ನು ಬೇರೆಯಾಗಿ ಅಳೆದು ಕಳೆಯದ ಹೊರತು ಕಪ್ಪು ಚರ್ಮದಲ್ಲಿ ಆ ಸಂಖ್ಯೆಯು ನಂಬತಕ್ಕದ್ದಾಗುವುದಿಲ್ಲ.