ಕ್ರೈಸ್ತ ದೀಕ್ಷೆ ಮತ್ತು ಅದರ ಬೆಲೆ: ಆನಂದರಾವ್ ಕೌಂಡಿನ್ಯರ ಪ್ರಸಂಗ

ಕನ್ನಡ ನಾಡಿನ ಕ್ರೈಸ್ತ ಮಿಷನ್‌ಗಳ ಚರಿತ್ರೆಯನ್ನು ನಿರೂಪಿಸುವಾಗ ಶಾಲೆ, ಮುದ್ರಣಾಲಯ, ನಿಘಂಟುಗಳ ವಿಷಯವೇ ಸಾಮಾನ್ಯವಾಗಿ ಮುಂದೆ ಬರುತ್ತದೆ. ದೀಕ್ಷಾಸ್ನಾನ ಪಡೆದ ವ್ಯಕ್ತಿ ಅದಕ್ಕಾಗಿ ತೆತ್ತ ಬೆಲೆಯೇನು, ಆ ಬೆಲೆಯನ್ನು ಅವನೊಬ್ಬನೇ ತೆತ್ತನೆ ಎಂಬ ಪ್ರಶ್ನೆಯು ಹಿಂದೆ ಉಳಿಯುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುತ್ತೇವೆ.

ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಷನ್ನೂ ಧಾರವಾಡದಲ್ಲಿ 1837ರಿಂದ ಬಾಸೆಲ್ ಮಿಷನ್ನೂ ಕಾರ್ಯಮಾಡತೊಡಗಿದವು. ಅಂದು ಅಥಣಿ ಸೀಮೆಯ ಐಗಳಿ, ತೆಲಸಂಗದಂತಹ ಗ್ರಾಮಗಳನ್ನೊಳಗೊಂಡ ಈ ಬಯಲುನಾಡಿನಲ್ಲಿ ಜೀವನವು ಆಯದ ಪದ್ಧತಿಯನ್ನು ಅವಲಂಬಿಸಿತ್ತು. ಬಡಿಗ, ಕಮ್ಮಾರ, ಅಗಸ, ಹಡಪದವರು ವರ್ಷವಿಡೀ ರೈತನ ಕೆಲಸ ಮಾಡಿ ಸುಗ್ಗಿಯ ಕಾಲಕ್ಕೆ ಕಣದಲ್ಲಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದರು. ಇಂತಹ ವ್ಯವಸ್ಥೆಯಲ್ಲಿ ಜಾತಿಯಿಂದ ಹೊರಗಾಗುವುದೆಂದರೆ ಪಂಕ್ತಿಭೋಜನ ತಪ್ಪುವುದಷ್ಟೇ ಅಲ್ಲ. ಬಾವಿಯ ನೀರು, ಮಕ್ಕಳಿಗೆ ಹೆಣ್ಣುಗಂಡು, ಕೊನೆಗೆ ಚಟ್ಟಕ್ಕೆ ಹೆಗಲು ಕೊಡುವವರು, ಇವೆಲ್ಲವೂ ಜಾತಿಯ ಅಧೀನದಲ್ಲಿದ್ದವು. ನಂಬಿಕೆಯು ಒಬ್ಬನದಾದರೂ ಅವನ ಬದುಕು ಅವನೊಬ್ಬನದಾಗಿರಲಿಲ್ಲ.

ಪಟ್ಟಣಗಳಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲವೆಂಬುದಕ್ಕೆ ಮಂಗಳೂರಿನ ಆನಂದರಾವ್ ಕೌಂಡಿನ್ಯರ ಪ್ರಸಂಗವು ಸಾಕ್ಷಿಯಾಗಿದೆ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಇವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಶಿಷ್ಯರು; 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೇ ಅವರು. 1844ರ ಜನವರಿಯಲ್ಲಿ ಆನಂದರಾಯರು ಇನ್ನಿಬ್ಬರು ಬ್ರಾಹ್ಮಣ ತರುಣರೊಡನೆ ದೀಕ್ಷೆ ಪಡೆದು, ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಪಟ್ಟಣದಲ್ಲಿ ದೊಡ್ಡ ಪ್ರಕ್ಷೋಭೆ ಉಂಟಾಯಿತು. ಬಾಲ್ಯದಲ್ಲೇ ವಿವಾಹವಾಗಿದ್ದ ಪತ್ನಿ ಅವರನ್ನು ಹಿಂಬಾಲಿಸಲಿಲ್ಲ. 1846ರಲ್ಲಿ ಮೋಗ್ಲಿಂಗರೊಡನೆ ಯೂರೋಪಿಗೆ ತೆರಳಿದ ಕೌಂಡಿನ್ಯರು ಬಾಸೆಲ್ಲಿನಲ್ಲಿ ವ್ಯಾಸಂಗ ಮುಗಿಸಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಮಂಗಳೂರಿಗೆ ಹಿಂದಿರುಗಿದರು. ಪತ್ನಿಯು ಬರುವಳೆಂಬ ನಿರೀಕ್ಷೆ ಫಲಿಸಲಿಲ್ಲ. ದೀಕ್ಷೆಯಾದ ಹದಿನಾರು ವರ್ಷಗಳ ತರುವಾಯ, 1860ರಲ್ಲಿ, ಅವರು ಜರ್ಮನಿಯ ಮಾರೀ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. 1893ರಲ್ಲಿ ತೀರಿಕೊಂಡರು.

ಈ ನಡುವೆ ರಾಜ್ಯವು ಎರಡು ಶಾಸನಗಳನ್ನು ಮಾಡಿತು. 1850ರ 21ನೆಯ ಕಾಯಿದೆಯು ಧರ್ಮತ್ಯಾಗ ಅಥವಾ ಜಾತಿಭ್ರಷ್ಟತೆಯ ಕಾರಣದಿಂದ ವ್ಯಕ್ತಿಯು ಆಸ್ತಿಯ ಹಕ್ಕನ್ನಾಗಲಿ ದಾಯಾಧಿಕಾರವನ್ನಾಗಲಿ ಕಳೆದುಕೊಳ್ಳಕೂಡದೆಂದು ವಿಧಿಸಿತು. ಆದರೆ ನ್ಯಾಯಾಲಯವು ಹೊಲದಲ್ಲಿ ಪಾಲು ಕೊಡಿಸಬಲ್ಲದು. ಪಂಕ್ತಿಯಲ್ಲಿ ಎಲೆ ಹಾಕಿಸಲಾರದು. 1866ರ ಮತಾಂತರಿತರ ವಿವಾಹ ವಿಚ್ಛೇದನದ ಕಾಯಿದೆಯು ಇನ್ನೂ ಸೂಕ್ಷ್ಮವಾದುದು. ಧರ್ಮಭೇದದಿಂದ ಪತಿ ಅಥವಾ ಪತ್ನಿ ಆರು ತಿಂಗಳು ಬೇರೆಯಾಗಿದ್ದರೆ ಕ್ರೈಸ್ತನಾದವನು ದಾವೆ ಹೂಡಬಹುದಿತ್ತು. ನ್ಯಾಯಾಧೀಶನು ಪ್ರತಿಪಕ್ಷದವರ ಅಭಿಪ್ರಾಯವನ್ನು ವಿಚಾರಿಸಿ, ಒಂದು ವರ್ಷದ ಅವಧಿ ಕೊಟ್ಟು, ಅನಂತರವೂ ನಿರಾಕರಿಸಿದರೆ ವಿವಾಹವನ್ನು ರದ್ದುಗೊಳಿಸಬಹುದಿತ್ತು. ಕೌಂಡಿನ್ಯರ ಎರಡನೆಯ ವಿವಾಹವು ಈ ಶಾಸನಕ್ಕಿಂತ ಆರು ವರ್ಷ ಹಿಂದಿನದೆಂಬುದನ್ನು ಗಮನಿಸಬೇಕು. ಕಾನೂನು ಕೈಗೆತ್ತಿಕೊಳ್ಳುವ ಮೊದಲೇ ಆ ಸಮಸ್ಯೆಯು ಮನೆಗಳಲ್ಲಿ ಅನುಭವಕ್ಕೆ ಬಂದಿತ್ತು.

ಆಸ್ತಿಯಿಲ್ಲದ ಸಾಮಾನ್ಯ ಜನರ ಕಷ್ಟವು ಬೇರೆ ಬಗೆಯದು. ದಾಯಭಾಗದ ಕಾಯಿದೆಯಿಂದ ಅವರಿಗೆ ಪ್ರಯೋಜನವಿರಲಿಲ್ಲ. ಅವರು ಕಳೆದುಕೊಂಡದ್ದು ದಿನದ ಅನ್ನ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದುದಕ್ಕೆ ಹೀಗೆ ವೃತ್ತಿಹೀನರಾದವರಿಗೆ ಕೆಲಸ ಒದಗಿಸುವುದೂ ಒಂದು ಮುಖ್ಯ ಕಾರಣವಾಗಿತ್ತು. ಆದರೆ ಈ ಪರಿಹಾರಕ್ಕೂ ಒಂದು ಮಿತಿಯಿತ್ತು: ಊರಿನ ಹಂಗು ಹರಿದವನು ಮಿಷನ್ನಿನ ಹಂಗಿಗೆ ಒಳಗಾದನು. ಉಪದೇಶ ಮಾಡುವವರೂ ಕೂಲಿ ಕೊಡುವವರೂ ಒಂದೇ ಸಂಸ್ಥೆಯವರಾದರು.

ಕಟ್ಟಕಡೆಗೆ ನಾವು ಮನೆಯಲ್ಲಿ ಉಳಿದವರನ್ನು ಗಮನಿಸಬೇಕಾಗಿದೆ. ದೀಕ್ಷೆ ಪಡೆದವನಿಗೆ ಹೊಸ ಹೆಸರು, ಹೊಸ ಬಂಧುವರ್ಗ, ತಾನೇ ಆರಿಸಿಕೊಂಡ ಮಾರ್ಗವೆಂಬ ಸಮಾಧಾನ ಇದ್ದವು. ಹಿಂಬಾಲಿಸಲೊಪ್ಪದ ಪತ್ನಿಗೆ ಇವು ಯಾವುವೂ ಇರಲಿಲ್ಲ. ವಿಧವಾ ಪುನರ್ವಿವಾಹವನ್ನು 1856ರ ಕಾಯಿದೆಯೂ, ವಿಚ್ಛೇದನದ ನಂತರದ ವಿವಾಹವನ್ನು 1866ರ ಕಾಯಿದೆಯೂ ಮಾನ್ಯಮಾಡಿದರೂ ಬ್ರಾಹ್ಮಣ ಸಮಾಜದ ಆಚಾರವು ಅವೆರಡನ್ನೂ ಒಪ್ಪುತ್ತಿರಲಿಲ್ಲ. ಪತಿಯು ಜೀವಂತವಾಗಿರುವಾಗಲೇ ಪತಿಯಿಲ್ಲದವಳಾಗಿ ಬಾಳುವುದು ಅಂಥವಳ ಪಾಲಿಗೆ ಬಂದಿತು. ತನ್ನ ಧರ್ಮವನ್ನು ಬಿಡದಿರುವುದೂ ಅವಳ ನಿಷ್ಠೆಯೇ ಅಲ್ಲವೆ? ಕೌಂಡಿನ್ಯರ ತ್ಯಾಗವನ್ನು ನಾವು ಗೌರವದಿಂದ ಸ್ಮರಿಸಬೇಕು. ಆದರೆ ಅದೇ ಕಾರಣಕ್ಕೆ ಎರಡು ನಿಷ್ಠೆಗಳು ಬೆಲೆ ತೆತ್ತವು; ಚರಿತ್ರೆಯು ಒಂದಕ್ಕೆ ಮಾತ್ರ ಹೆಸರು ಕೊಟ್ಟಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.